ಒಲೆಯ ಕಡೆಗೆ ತಿರುಗುವ ಮೀನು

ಬಹಳ ಹಿಂದೆ, ಸಮುದ್ರಕ್ಕೆ ಇನ್ನೂ ಕಿವಿ ಕೇಳುತ್ತಿದ್ದ ಕಾಲದಲ್ಲಿ, ಚಿಪ್ಪುನಾಡು ಎಂಬ ರಾಜ್ಯವಿತ್ತು. ಅಲ್ಲಿ ನಲವತ್ತು ಮೀನುದೋಣಿಗಳಿದ್ದವು. ಎಲ್ಲಕ್ಕಿಂತ ಮುಂದಿನ ದೋಣಿಯ ಚುಕ್ಕಾಣಿ ಹಿಡಿಯುವವನು ತಾಂಡೇಲ ಬೋಗ್ರ. ಅವನು ಎಡಕ್ಕೆ ತಿರುಗಿದರೆ ಎಲ್ಲರೂ ಎಡಕ್ಕೆ. ಅವನು ಮುಂಡಾಸು ಬಿಚ್ಚಿದರೆ ನಲವತ್ತು ದೋಣಿಗಳಲ್ಲೂ ಮುಂಡಾಸು ಬಿಚ್ಚುತ್ತಿದ್ದರು.

ನಡುಗಡಲಿನ ಬಂಡೆಯ ಮೇಲೆ ಕಾವಳನೆಂಬ ಮಾಂತ್ರಿಕನಿದ್ದ. ಅವನು ಉಸಿರು ಬಿಟ್ಟರೆ ಹಗಲಲ್ಲೇ ಮಂಜು ಕವಿಯುತ್ತಿತ್ತು. ಆ ಮಂಜಿನೊಳಗೆ, ತಾನು ಹಿಡಿದವರ ದನಿಯಲ್ಲೇ ಕೂಗುತ್ತಿದ್ದ. ಕೂಗನ್ನು ಹಿಂಬಾಲಿಸಿ ಬಂಡೆ ಮುಟ್ಟಿದ ದೋಣಿ ಜನರ ಸಮೇತ ಕಲ್ಲಾಗುತ್ತಿತ್ತು.

ಮೊದಲು ಕಲ್ಲಾದವನು ಬೋಗ್ರನ ತಮ್ಮ ಐತ. ಅಂದಿನಿಂದ ಮಂಜು ಕವಿದಾಗಲೆಲ್ಲ "ಅಣ್ಣಾ, ಇತ್ತ ಬಾ" ಎಂಬ ಕೂಗು. ಬೋಗ್ರ ಅತ್ತ ತಿರುಗುತ್ತಿದ್ದ. ಪಳಗಿದ ಕೈ, ಹೇಗೋ ಬಂಡೆ ತಪ್ಪಿಸಿ ಬರುತ್ತಿದ್ದ. ಹಿಂದೆ ಬಂದವರಿಗೆ ಅದು ಆಗುತ್ತಿರಲಿಲ್ಲ. ಒಟ್ಟು ಏಳು ದೋಣಿಗಳು ಕಲ್ಲಾದವು.

ಐತನ ಮಗಳು ರುಕ್ಕು ಬಲೆ ಹೆಣೆಯುವವಳು. ಒಂದು ದಿನ, ನೂಲಿಗೆ ಕಟ್ಟಿ ತೂಗುಬಿಟ್ಟು ಒಣಗಿಸಿದ ಉದ್ದ ಮೂತಿಯ ಮೀನು ಮನೆಯ ಒಲೆಯ ಕಡೆಗೇ ತಿರುಗುವುದನ್ನು ಕಂಡಳು. ಅಂಗಳದಲ್ಲಿ ತೂಗಿಸಿದಳು, ಒಲೆಯ ಕಡೆಗೆ. ಮರಳಿನಲ್ಲಿ ತೂಗಿಸಿದಳು, ಒಲೆಯ ಕಡೆಗೆ. ದೋಣಿಯಲ್ಲಿ ತೂಗಿಸಿದಳು, ಒಲೆಯ ಕಡೆಗೆ. ಮೂವತ್ತು ಸಲ ನೋಡಿ ಖಚಿತ ಮಾಡಿಕೊಂಡಳು.

ಮಂಜಿನಲ್ಲೂ ಇದು ಮನೆಯ ದಾರಿ ತೋರಿಸುತ್ತದೆ ಎಂದು ಮೊದಲು ರಾಜನಿಗೆ ಹೇಳಿದಳು. ರಾಜ ಮನೆಮನೆಗೂ ಮೀನು ಕಳಿಸಿ ಡಂಗುರ ಹೊಡೆಸಿದ: ಪ್ರತಿ ದೋಣಿಯಲ್ಲೂ ಇದು ತೂಗಬೇಕು! ವಾರ ಕಳೆದು ರುಕ್ಕು ದಡದಲ್ಲಿದ್ದ ದೋಣಿಯವರ ಬಳಿಗೆ ಹೋದಳು.

"ಮೀನೆಲ್ಲಿ?"

"ಸುಟ್ಟು ಗಂಜಿಗೆ ನೆಂಚಿಕೊಂಡೆವು ಮಾರಾಯ್ತಿ. ರಾಜನ ಮೀನು ಅಂತ ರುಚಿಯೇನೂ ಹೆಚ್ಚಿರಲಿಲ್ಲ."

ಎರಡನೆಯ ಸಲ ಮೀನು ತೂಗಿಸಿಕೊಂಡು ಒಬ್ಬಳೇ ಮಂಜಿಗೆ ಹೋದಳು. ನೇರ ಮನೆಗೆ ಬಂದಳು.

"ನಿನ್ನ ಅದೃಷ್ಟ ಚೆನ್ನಾಗಿತ್ತು," ಎಂದರು ಜನ. "ತಾಂಡೇಲರು ತೂಗಿಸಲಿ. ಆಮೇಲೆ ನಾವು."

ಮೂರನೆಯ ಸಲ ಬೋಗ್ರನ ಮನೆಗೆ ಹೋದಳು. ಅವನು ಮೀನನ್ನು ಬಹಳ ಹೊತ್ತು ನೋಡಿದ. ಮೆಲ್ಲಗೆ ಹಿಂದಕ್ಕೆ ಕೊಟ್ಟ.

"ಇದು ಮನೆ ತೋರಿಸುತ್ತದೆ ಮಗಾ. ನನ್ನ ತಮ್ಮ ಕೂಗುವುದು ಆ ಕಡೆಯಿಂದಲ್ಲ."

ರುಕ್ಕು ಮೀನನ್ನು ಮತ್ತೆ ನೂಲಿಗೆ ಕಟ್ಟಿದಳು. "ನಾಳೆ ನಾನೂ ನಿಮ್ಮ ದೋಣಿಗೆ ಬರುತ್ತೇನೆ, ದೊಡ್ಡಪ್ಪ," ಎಂದಳು.

ಮರುದಿನ ಬೆಳಗ್ಗೆ ಮಂಜು ಕವಿಯಿತು.

"ಅಣ್ಣಾ, ಇತ್ತ ಬಾ! ಕಾಲು ಸಿಕ್ಕಿಕೊಂಡಿದೆ!"

ಬೋಗ್ರನ ಕೈ ಚುಕ್ಕಾಣಿಯನ್ನು ಕೂಗಿನತ್ತ ತಿರುಗಿಸಿತು. ರುಕ್ಕು ಹಿಡಿದಿದ್ದ ಮೀನು ಮನೆಯತ್ತ ತಿರುಗಿತು.

"ದೊಡ್ಡಪ್ಪ, ದನಿ ಅಪ್ಪನದೇ. ನನಗೂ ಗೊತ್ತು. ಮಾತು ಅಪ್ಪನದಾ?"

"ಅಂದರೆ?"

"ನಮ್ಮ ಹಿಂದೆ ಮೂವತ್ತೆರಡು ದೋಣಿಗಳಿವೆ. ಅಪ್ಪ ಮುಳುಗುತ್ತಿದ್ದರೂ ಬಾ ಅನ್ನುತ್ತಿದ್ದರಾ?"

ಮತ್ತೆ ಕೂಗು ಬಂತು. ಬೋಗ್ರನ ಕಣ್ಣು ತುಂಬಿತು.

"ಬರಬೇಡ ಅನ್ನುತ್ತಿದ್ದ," ಎಂದ. "ಬೈದೇ ಕಳಿಸುತ್ತಿದ್ದ, ಕತ್ತೆ."

ಅವನು ಮೀನನ್ನು ತೆಗೆದುಕೊಂಡು ತನ್ನ ದೋಣಿಗೆ ಕಟ್ಟಿದ. ಚುಕ್ಕಾಣಿ ತಿರುಗಿಸಿದ. ಮೂವತ್ತೆರಡು ದೋಣಿಗಳೂ ಹಿಂದೆಯೇ ತಿರುಗಿದವು.

ಕೂಗು ಮೂರು ಸಲ ಬಂತು. ಯಾರೂ ಹಿಂಬಾಲಿಸಲಿಲ್ಲ. ಎಲ್ಲ ದೋಣಿಗಳೂ ಒಟ್ಟಿಗೆ ಬೆನ್ನು ಹಾಕಿದರೆ ಕಾವಳನಿಗೆ ಬದುಕಿಲ್ಲ. ಅವನು ಕೆಮ್ಮಿದ, ಕರಗಿದ, ನೀರಾಗಿ ಹರಿದುಹೋದ. ಮಂಜು ಸರಿಯಿತು. ಏಳು ಕಲ್ಲುಗಳು ಏಳು ದೋಣಿಗಳಾಗಿ ತೇಲಿದವು. ಬೋಗ್ರ ಎಲ್ಲರನ್ನೂ ದಡಕ್ಕೆ ಕರೆತಂದ.

ಮರಳಿನಲ್ಲಿ ಅವನು ತಲೆ ತಗ್ಗಿಸಿ ನಿಂತ.

"ನಿನ್ನ ದನಿ ಕೂಗುತ್ತಿತ್ತು ಐತಾ. ನಾನು ಬೆನ್ನು ಹಾಕಿ ಬಂದೆ."

ಮಗಳನ್ನು ಅಪ್ಪಿಕೊಂಡೇ ಐತ ನಕ್ಕ. "ಒಳ್ಳೆಯದೇ ಆಯಿತಲ್ಲ ಅಣ್ಣಾ! ನೀನೂ ಕಲ್ಲಾಗಿದ್ದರೆ ನಮ್ಮನ್ನು ಮನೆಗೆ ಕರೆತರುವವರು ಯಾರು?"

ಮರುದಿನ ಡಂಗುರವಿಲ್ಲದೆಯೇ ನಲವತ್ತು ದೋಣಿಗಳಲ್ಲಿ ನಲವತ್ತು ಮೀನುಗಳು ತೂಗಿದವು. ಚಿಪ್ಪುನಾಡಿನವರು ಹೊಟ್ಟೆ ತುಂಬ ಉಂಡು, ಬಾಯಿ ತುಂಬ ನಕ್ಕು, ಬಹುಕಾಲ ಬಾಳಿದರು.