ಬಿಸಿನೀರಿನಲ್ಲಿ ಉಳಿದ ಕೈಗಳು

"ತಲೆ ಅಲ್ಲಾಡಿಸಬೇಡಿ ಅಂದೆ!"

"ಅಲ್ಲಾಡ್ಸಾಕೆ ನಂಗೆ ಉಳಿದಿರೋದೇ ಅದೊಂದು ಮೇಡಮ್ಮೋರೆ. ಅದ್ನೂ ಬ್ಯಾಡ ಅಂದ್ರೆ ಹೆಂಗೆ?"

ಲತಾಮಣಿಯ ಬೆರಳುಗಳು ಅವನ ಕೂದಲಲ್ಲೇ ನಿಂತವು. ಬಯ್ಯಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ಅಂಟು ಹಚ್ಚಿ ತಂತಿಗಳ ಟೋಪಿ ತೊಡಿಸುತ್ತಿದ್ದಳು. ಅವನು ಕಣ್ಣು ಮಾತ್ರ ಮೇಲೆತ್ತಿ ಅವಳನ್ನೇ ನೋಡುತ್ತಿದ್ದ.

ಆ ವರ್ಷಗಳಲ್ಲಿ ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಕೈಲಾಂಚದ ಅನಂತರಾಜು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಬಿಟ್ಟು ಅಂಥದ್ದೊಂದು ಕಾರ್ಖಾನೆಗೆ ಚಾವಣಿಯ ಶೀಟು ಹೊದಿಸಲು ಹೋಗಿದ್ದ. ಮೇಲಿನಿಂದ ಬಿದ್ದ. ಕುತ್ತಿಗೆಯ ಮೂಳೆ ಮುರಿದು ಅದರ ಕೆಳಗಿನ ಮೈಯೆಲ್ಲ ಸ್ವಾಧೀನ ತಪ್ಪಿತು. ಈಗ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಕೋಣೆಯಲ್ಲೇ ಅವನ ಮಂಚ.

ಲತಾಮಣಿ ಬೆಂಗಳೂರಿನ ಸಂಶೋಧಕರ ತಂಡದ ಟೆಕ್ನಿಷಿಯನ್. ಕೈ ಆಡಿಸಿದಂತೆ ಮನಸ್ಸಿನಲ್ಲಿ ಅಂದುಕೊಂಡರೂ ಮಿದುಳಿನಲ್ಲಿ ಸಣ್ಣ ಅಲೆ ಏಳುತ್ತದೆ. ಟೋಪಿ ಅದನ್ನು ಹಿಡಿದು ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಬಲಗೈ ಅಂದುಕೊಂಡರೆ ಪರದೆಯ ಮೇಲಿನ ಚೆಂಡು ಬಲಕ್ಕೆ, ಎಡಗೈ ಅಂದುಕೊಂಡರೆ ಎಡಕ್ಕೆ. ಚೆಂಡು ಹಿಡಿತಕ್ಕೆ ಬಂದವರಿಗೆ ಮುಂದೆ ಫ್ಯಾನು, ಫೋನು ನಡೆಸುವುದನ್ನೂ ಕಲಿಸುತ್ತಾರೆ. ಬಾರದವರನ್ನು ಬಿಡುತ್ತಾರೆ.

"ನೋವೇನಾದರೂ ಇದ್ಯಾ? ಇದ್ದರೆ ಈಗಲೇ ಹೇಳಿ. ನೋವಿರೋರನ್ನ ನಮ್ಮ ಸರ್ ಪ್ರಯೋಗಕ್ಕೆ ತಗೊಳ್ಳಲ್ಲ."

ಅವನು ಕಣ್ಣು ಬೇರೆ ಕಡೆ ಹೊರಳಿಸಿದ.

"ಮೈಯ್ಯೇ ಇಲ್ದೋನ್ಗೆ ನೋವೆಲ್ಲಿಂದ ಬತ್ತದೆ, ಬುಡಿ!"

ಅವಳು ನಕ್ಕಳು. ಆ ನಗುವೇ ಅವನಿಗೆ ಮುಳುವಾಯಿತು.

ವಾರಗಳು ಕಳೆದವು. ಚೆಂಡು ಕದಲಲಿಲ್ಲ. ಲತಾಮಣಿಗೆ ಒಂದು ಉಪಾಯ ಹೊಳೆಯಿತು. ಅವಳ ಅಮ್ಮನೂ ರಾಮನಗರದಲ್ಲಿ ನೂಲು ತೆಗೆದೇ ಅವಳನ್ನು ಓದಿಸಿದ್ದಳು.

"ಬರೀ ಕೈ ಎತ್ತೋದು ಬೇಡ. ಬೇಸಿನ್ನಿನ ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕ್ತಿದ್ರಲ್ಲ, ಹಾಗೆ ಅಂದ್ಕೊಳ್ಳಿ. ವರ್ಷಗಟ್ಟಲೆ ಮಾಡಿದ ಕೆಲಸ, ತಲೆ ಮರೆತಿರಲ್ಲ."

ಅವನ ಮುಖ ಬಿಳುಚಿತು. "ಬ್ಯಾರೆ ಏನಾರ ಹೇಳಿ..."

"ಯಾಕೆ? ಇದಕ್ಕಿಂತ ಸುಲಭದ್ದು ಬೇಕಾ?"

ಅವನು ಕಣ್ಣು ಮುಚ್ಚಿದ. ಹಣೆಯಲ್ಲಿ ಬೆವರು ಮೂಡಿತು. ಹಲ್ಲು ಕಚ್ಚಿದ. ಪರದೆಯ ಮೇಲೆ ಅಲೆ ತೋರಿಸುವ ಗೆರೆಗಳೆಲ್ಲ ಕಲೆಸಿಹೋದವು. ದವಡೆ ಬಿಗಿದರೆ ಮಿದುಳಿನ ಅಲೆ ಅದರಡಿ ಮುಚ್ಚಿಹೋಗುತ್ತದೆ.

"ಹಲ್ಲು ಕಚ್ಚಬೇಡಿ!"

ಪ್ರತಿ ವಾರ ಅದೇ ಬೆವರು, ಅದೇ ಹಲ್ಲು. ಕೊನೆಗೊಂದು ದಿನ ಅವಳು ಟೋಪಿ ಕಿತ್ತು ಚೀಲಕ್ಕೆ ಹಾಕಿದಳು.

"ಬೇಕಂತಲೇ ಕೆಡಿಸ್ತಿದ್ದೀರ. ಇಷ್ಟ ಇಲ್ಲ ಅಂದ್ರೆ ಹೇಳಿಬಿಡಿ, ನಾನು ಬರೋದು ನಿಲ್ಲಿಸ್ತೀನಿ!"

"ಬ್ಯಾಡ!" ಎಂದ ಅವನು. ತುಂಬ ಬೇಗ ಎಂದುಬಿಟ್ಟ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

*ಎಂಥ ಮನುಷ್ಯ ಇವನು! ನಾನೇ ದಡ್ಡಿ...* ಎಂದುಕೊಳ್ಳುತ್ತ ಅವಳು ಹೊರಗೆ ಬಂದು ಸ್ಕೂಟಿ ಹತ್ತುವಷ್ಟರಲ್ಲಿ ಅವನ ತಾಯಿ ವೆಂಕಟಲಕ್ಷ್ಮಮ್ಮ ಹ್ಯಾಂಡಲ್ ಹಿಡಿದುಕೊಂಡಳು.

"ಅವನ ಮ್ಯಾಲೆ ಸಿಟ್ಟಾಗ್ಬ್ಯಾಡ ಕಣವ್ವ. ನಿದ್ದೇಲಿ 'ಕೈ ತೆಗೀರೋ, ಕೈ ತೆಗೀರೋ' ಅಂತ ಅರಚ್ತಾನೆ. ಬೇಯ್ಸಿದ ಹುಳಗಳ ಶಾಪ ಅಂತಾರೆ ಊರೋರು. ಉಯ್ಯಂಬಳ್ಳಿ ಮಂತ್ರದೋನ್ ತಾವ ಹೋಗಿ ತಾಯ್ತ ಕಟ್ಟಿಸ್ಕಂಡು ಬಂದೆ..."

"ಡಾಕ್ಟರಿಗೆ ಹೇಳಲಿಲ್ವಾ?"

"ಹೇಳ್ಬ್ಯಾಡ ಅಂತ ಆಣೆ ಹಾಕ್ಸವ್ನೆ. ನಿಂಗಂತೂ ಹೇಳ್ಲೇಬಾರದಂತೆ."

ಲತಾಮಣಿ ಸ್ಕೂಟಿಯ ಕೀ ತೆಗೆದು ಮತ್ತೆ ಒಳಗೆ ಹೋದಳು.

"ಎಲ್ಲಿ ನೋವು?"

ಅವನು ಮುಖ ಈಚೆ ತಿರುಗಿಸಲಿಲ್ಲ.

"ಅನಂತರಾಜು... ಎಲ್ಲಿ?"

"ಕೈ. ಎರಡೂ." ಅವನ ದನಿ ಗೋಡೆಗೆ ಹೇಳುತ್ತಿರುವಂತಿತ್ತು. "ಮಂಚದ ಮ್ಯಾಲೆ ಇರೋವಲ್ಲ. ಅವು ನನ್ವಲ್ಲ. ನನ್ನವು ನಾನು ನೂಲು ತೆಗೀತಿದ್ದ ಮುಕ್ತಿಯಾರ್ ಸಾಬ್ರ ಶೆಡ್ನಲ್ಲಿ, ಬೇಸಿನ್ನಲ್ಲಿ ಅವೆ. ಕುದಿಯೋ ನೀರು. ಶೆಡ್ಡು ಮುಚ್ಚೋಯ್ತು, ಎಲ್ಲರೂ ಕೈ ತೊಳ್ಕೊಂಡು ಮನೆಗೋದ್ರು. ನನ್ ಕೈ ಮಾತ್ರ ಯಾರೂ ತೆಗೀಲಿಲ್ಲ."

*ವಾರ ವಾರವೂ ಆ ನೀರಿಗೆ ಅವನ ಕೈ ಅದ್ದಿಸಿದವಳು ನಾನು... ಬುದ್ಧಿವಂತೆ ಅಂದುಕೊಂಡು!*

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಟೋಪಿ ಎತ್ಕೊಂಡು ಹೊಂಟೋಯ್ತಿದ್ರಿ."

"ಟೋಪಿ ಅಷ್ಟು ಮುಖ್ಯನಾ?"

"ಟೋಪಿ ಹಾಳಾಗೋಗ್ಲಿ," ಎಂದ ಅವನು.

ಅವಳಿಗೆ ಅರ್ಥವಾಯಿತು. ಆ ಬೇಸಿನ್ನನ್ನು ಅವನಿಗೆ ಕಣ್ಣಾರೆ ತೋರಿಸಬೇಕು ಎಂದುಕೊಂಡಳು.

ಮುಂದಿನ ವಾರ ಗೂಡ್ಸ್ ಆಟೋದಲ್ಲಿ ಗಾಲಿಕುರ್ಚಿಯನ್ನು ಹಗ್ಗ ಬಿಗಿದು ನಿಲ್ಲಿಸಿ ಅವನನ್ನು ರಾಮನಗರಕ್ಕೆ ಕರೆದೊಯ್ದಳು. ಮುಕ್ತಿಯಾರ್ ಸಾಬರು ತುಕ್ಕು ಹಿಡಿದ ಬೀಗ ತೆಗೆದರು.

"ನಿನ್ ಜಾಗ ನೀನೇ ನೋಡ್ಕೊಳಪ್ಪ ರಾಜು. ನಂಗೆ ಒಳಕ್ ಬರಕ್ಕೆ ಮನಸಾಗಲ್ಲ," ಎಂದು ಬಾಗಿಲಲ್ಲೇ ಉಳಿದರು.

ಒಳಗೆ ಸತ್ತ ಹುಳದ ಹಳೆಯ ವಾಸನೆ ಇನ್ನೂ ಇತ್ತು. ಸಾಲು ಬೇಸಿನ್ನುಗಳು, ಒಂದರಲ್ಲೂ ನೀರಿಲ್ಲ. ಮೂರನೆಯದು ಅವನದು. ಅದರಲ್ಲಿ ಜೇಡ ಬಲೆ ಕಟ್ಟಿತ್ತು.

"ನೋಡಿ. ಒಣಗಿದೆ. ಇಲ್ಲಿ ಯಾರ ಕೈಯೂ ಇಲ್ಲ."

ಅವನು ಬಹಳ ಹೊತ್ತು ನೋಡಿದ.

"ಕಣ್ಣಿಗೆ ಗೊತ್ತಾಯ್ತದೆ ಮೇಡಮ್ಮೋರೆ. ಕೈಗೆ ಗೊತ್ತಾಗಕ್ಕಿಲ್ಲ. ಉರೀತಾನೇ ಐತೆ."

ಅವಳಿಗೆ ಅಳು ಬಂತು. ಅತ್ತರೆ ಅವನಿಗೇನು ಲಾಭ? ತಲೆ ತಗ್ಗಿಸಿದಳು. ಆಗ ಕಂಡಿತು, ಬೇಸಿನ್ನಿನ ಮಗ್ಗುಲಲ್ಲಿ ಒಂದು ನೆಗ್ಗಿದ ಅಲ್ಯೂಮಿನಿಯಂ ಬಟ್ಟಲು.

ತಣ್ಣೀರಿನ ಬಟ್ಟಲು! ಬೆರಳು ತಡೆಯದಾದಾಗ ಅಮ್ಮ ಬಿಸಿನೀರಿನಿಂದ ಕೈ ತೆಗೆದು ಅದರಲ್ಲಿ ಅದ್ದುತ್ತಿದ್ದಳು. ಆಮೇಲೆ ಮತ್ತೆ ಎಳೆ ಹುಡುಕುತ್ತಿದ್ದಳು. ಪ್ರತಿಯೊಬ್ಬರೂ ಮಾಡುತ್ತಿದ್ದದ್ದು ಹಾಗೆಯೇ. ಲತಾಮಣಿ ಅವನಿಗೆ ಕೈ ಅದ್ದಲು ಹೇಳಿದ್ದಳು. ತೆಗೆಯಲು ಹೇಳಿರಲೇ ಇಲ್ಲ.

ಬಟ್ಟಲನ್ನು ಸಾಬರಲ್ಲಿ ಕೇಳಿ ತೆಗೆದುಕೊಂಡಳು. ಕೈಲಾಂಚದ ಮನೆಯಲ್ಲಿ ಅದಕ್ಕೆ ಗಡಿಗೆಯ ನೀರು ತುಂಬಿ, ಅವನಿಗೆ ಕಾಣುವಂತೆ ಲ್ಯಾಪ್‌ಟಾಪಿನ ಪಕ್ಕ ಇಟ್ಟು ಟೋಪಿ ತೊಡಿಸಿದಳು.

"ಬಲಗೈ ತೆಗೀರಿ... ಬಟ್ಟಲಿಗೆ ಹಾಕಿ."

ಹಲ್ಲು ಕಚ್ಚಿದ. ನಿಧಾನಕ್ಕೆ ಬಿಟ್ಟ. ಗೆರೆಗಳು ತೆಳುವಾದವು. ಚೆಂಡು ನಡುಗಿತು, ಬಲಕ್ಕೆ ಉರುಳಿತು!

"ರಾಜು! ತಣ್ಣಗಾಯ್ತಾ?"

"ಇಲ್ಲ." ಅವನ ಕಣ್ಣು ತುಂಬಿತ್ತು. "ಆದ್ರೆ ತಣ್ಣೀರು ಎಲ್ಲೈತೆ ಅಂತ ಗೊತ್ತಾಯ್ತು."

ಎಡಕ್ಕೂ ಹೋಯಿತು ಚೆಂಡು. ಇನ್ನು ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವನು ಆಯ್ಕೆಯಾಗುತ್ತಿದ್ದ. ಆದರೆ ನೋವಿಗೆ ಔಷಧ ಶುರುವಾಗುತ್ತಿರಲಿಲ್ಲ. *ಫ್ಯಾನು ಹಾಕಿಕೊಳ್ಳಲು ಇವನು ಎಷ್ಟು ವರ್ಷ ಉರಿಯಬೇಕು?* ಲತಾಮಣಿ ಸರ್‌ಗೆ ಎಲ್ಲವನ್ನೂ ಹೇಳಿದಳು. ಅವರು ಪ್ರಯೋಗದಿಂದ ಅವನನ್ನು ಕೈಬಿಟ್ಟು, ನೋವಿನ ವೈದ್ಯರ ಬಳಿ ಕಳಿಸಿದರು.

ಸಂಜೆ ಫೋನು ಬಂತು. ತಾಯಿ ಅವನ ಕಿವಿಗೆ ಹಿಡಿದಿದ್ದಳು.

"ಗೆದ್ದ ಮ್ಯಾಲೆ ಯಾಕ್ ಹೇಳಿದ್ರಿ? ನನ್ನ ಕಳಚ್ಕೊಳಾಕಾ?"

"ನೀವು ಹಲ್ಲು ಕಚ್ಚೋದನ್ನ ಇನ್ನು ನನ್ನ ಕೈಲಿ ನೋಡಕ್ಕಾಗಲ್ಲ..."

"ಅದ್ಕೇ ನೋಡೋದೇ ಬ್ಯಾಡ ಅಂದ್ಕೊಂಡ್ರಿ. ಒಳ್ಳೇದಾಯ್ತು ಬುಡಿ."

ಫೋನು ಕಡಿಯಿತು.

ಭಾನುವಾರ ಬೆಳಿಗ್ಗೆ ಆ ಕೋಣೆಯ ಬಾಗಿಲಲ್ಲಿ ನೆರಳು ಬಿತ್ತು. ಅವನು ನೋಡಿದ. ಅವಳ ಎರಡೂ ಕೈ ಖಾಲಿ.

"ಟೋಪಿ ಎಲ್ಲಿ?"

"ತಂದಿಲ್ಲ."

"ಲ್ಯಾಪ್‌ಟಾಪು?"

"ಆಫೀಸಿನಲ್ಲಿದೆ."

"ಮತ್ಯಾಕ್ ಬಂದ್ರಿ?"

ಅವಳು ಮಂಚದ ಅಂಚಿನಲ್ಲಿ ಕೂತಳು. ಅಲ್ಲಾಡದ ಅವನ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವನಿಗೆ ಅದು ತಿಳಿಯುವುದಿಲ್ಲ. ಆದರೂ ಅವನು ಅದನ್ನೇ ನೋಡುತ್ತಿದ್ದ.

"ನನ್ ಕೈಲಿ ಏನೂ ಆಗಕ್ಕಿಲ್ಲ. ನಿಮ್ಗೊಂದು ಹೂವ ಮುಡ್ಸಾಕೂ ಆಗಕ್ಕಿಲ್ಲ."

"ಗೊತ್ತು."

"ನೋವು ಪೂರ್ತಿ ಹೋಗಕ್ಕಿಲ್ಲ ಅಂದ್ರು ಡಾಕ್ಟ್ರು."

"ಅದೂ ಗೊತ್ತು. ಈಗ ಉರೀತೈತಾ?" ಓದಿದ ಕನ್ನಡ ಅವಳ ನಾಲಿಗೆಯಿಂದ ಜಾರಿತ್ತು.

"ಉರೀತೈತೆ, ಲತಾಮಣಿ." ಮೊದಲ ಸಲ ಅವಳ ಹೆಸರು ಹಿಡಿದು ಕರೆದಿದ್ದ.

"ನಾನಿದ್ರೆ ಕಮ್ಮಿ ಆಯ್ತದಾ?"

"ಇಲ್ಲ." ಅವನು ನಕ್ಕ. "ಅಷ್ಟೇ ಐತೆ. ಆದ್ರೆ ನೀವಿದ್ರೆ ಹೇಳ್ಬೋದು."

"ಹಂಗಾರೆ ದಿನಾ ಹೇಳಿ. ಮದ್ವೆ ಆದ್ಮೇಲೆ ಕೇಳಾಕೆ ನಂಗೆ ಬ್ಯಾರೆ ಕೆಲ್ಸ ಏನೈತೆ? ಆಯ್ತೀರಾ?"

ಅವನು ಅವಳತ್ತ ಕಣ್ಣೆತ್ತಿ ಮೆಲ್ಲಗೆ ಕೇಳಿದ:

"ಹೂಂ ಅಂತ ತಲೆ ಅಲ್ಲಾಡ್ಸಬೋದಾ, ಮೇಡಮ್ಮೋರೆ?"

"ಅಲ್ಲಾಡ್ಸಿ," ಎಂದಳು ಲತಾಮಣಿ.