ಬೂದಿ ಹಚ್ಚಿ ಹೊಸೆದ ದಾರ

ಆಯುಧಪೂಜೆಯ ದಿನ ಚಳ್ಳಕೆರೆ ಠಾಣೆಯಲ್ಲಿ ಬಂದೂಕುಗಳು ಮದುಮಕ್ಕಳ ಹಾಗೆ ಸಿಂಗರಿಸಿಕೊಂಡು ಮಲಗಿದ್ದವು. ಒಂದೊಂದರ ನಳಿಗೆಗೂ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಹೆಡ್ ಕಾನ್‌ಸ್ಟೇಬಲ್ ಮಾರುತೇಶ ತನ್ನ ಲಾಠಿಗೆ ಹೂವು ಮುಡಿಸುತ್ತ, ಅದು ಒಂದು ಸಲ ತಾನಾಗಿಯೇ ಎದ್ದುಹೋಗಿ ಕಳ್ಳನನ್ನು ಎಳೆದುಕೊಂಡು ಬಂದ ಕತೆ ಹೇಳುತ್ತಿದ್ದ.

"ಅಷ್ಟು ಹುಷಾರಿದ್ರೆ ಅದಕ್ಕೇ ಪ್ರಮೋಷನ್ ಕೊಡಿಸ್ಬೇಕಿತ್ತು ಬಿಡಣ್ಣ" ಎಂದಳು ಕಾನ್‌ಸ್ಟೇಬಲ್ ಕಾವ್ಯ.

ಇನ್‌ಸ್ಪೆಕ್ಟರ್ ಪ್ರೇಮಲತಾ ನಗುತ್ತಲೇ ಹಣೆಗೆ ಕುಂಕುಮ ಇಟ್ಟುಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಸಮಯ ಹನ್ನೊಂದು ಗಂಟೆ.

"ಪೂಜೆ ಮುಗೀಲಿ, ಕೂತ್ಕಳ್ರಿ" ಎಂದ ಮಾರುತೇಶ.

"ಮುಗಿಯೋತನಕ ಕಾಯೋ ವಿಷಯ ಅಲ್ಲ ಸಾರ್."

ಅವನ ಹೆಸರು ಮಲ್ಲಿಕ್. ಕುಡಿಯುವ ನೀರಿನ ದೊಡ್ಡ ಕೊಳವೆಗಳ ಬೆಸುಗೆ ಗಟ್ಟಿಯಾಗಿದೆಯೋ ಇಲ್ಲವೋ ಎಂದು ನೋಡಿ ಹೇಳುವ ಒಂದು ಗುತ್ತಿಗೆ ಕಂಪನಿಗೆ ಮ್ಯಾನೇಜರ್. ಪ್ರೇಮಲತಾ ಅವನನ್ನು ಒಳಗೆ ಕೂರಿಸಿದಳು.

"ಏನು ಕಳೆದೈತೆ?"

"ಒಂದು ಕ್ಯಾಮೆರಾ ಮೇಡಂ."

"ಮದುವೆ ಫೋಟೋ ತೆಗೆಯೋದಾ?"

"ಅಲ್ಲ. ಕಬ್ಬಿಣದ ಒಳಗಿಂದು ತೆಗೆಯೋದು. ಮಗು ಎತ್ತಿದಷ್ಟು ಭಾರ ಇರ್ತದೆ. ಒಳಗೆ…" ಅವನು ತಡೆದ. "ಒಳಗೆ ಕಡ್ಲೆಬೀಜದಷ್ಟು ಒಂದು ಸಾಮಾನು ಐತೆ. ವಿಕಿರಣದ್ದು."

ಪ್ರೇಮಲತಾಳ ಪೆನ್ನು ನಿಂತಿತು. "ಕೊನೇ ಸಲ ಯಾವಾಗ ನೋಡಿದ್ದು?"

"ದಸರಾಕ್ಕೆ ಕೆಲಸ ನಿಲ್ಸಿದಾಗ ಪೆಟ್ಟಿಗೇಲಿಟ್ಟು ಅರಗಿನ ಮೊಹರು ಹಾಕಿದ್ವಿ. ಇವತ್ತು ಯಂತ್ರಕ್ಕೆ ಕುಂಕುಮ ಇಡೋಣ ಅಂತ ನಮ್ಮ ಹುಡುಗರು ತೆಗೆದ್ರೆ, ಒಳಗೆ ಗೋಣಿ ಸುತ್ತಿದ ಕಲ್ಲು."

"ಮೊಹರು?"

"ಹಾಕಿದ್ದು ಹಾಕಿದಂಗೇ ಇತ್ತು ಮೇಡಂ."

ಎಫ್‌ಐಆರ್ ದಾಖಲಾಯಿತು. ಕಳ್ಳತನದ ಕಲಮಿನ ಪಕ್ಕದಲ್ಲಿ ಪರಮಾಣು ಶಕ್ತಿ ಕಾಯ್ದೆಯ ಹೆಸರು ಬರೆಯುವಾಗ ರೈಟರ್ ಎರಡು ಸಲ ಕಾಗುಣಿತ ಕೇಳಿದ. ಆ ಠಾಣೆಯಲ್ಲಿ ಎಣ್ಣೆ ಡಬ್ಬ ಕದ್ದವರು, ಕುರಿ ಕದ್ದವರು, ಒಮ್ಮೆ ಕಂಬಳಿ ಸಂತೆಯಿಂದ ಒಂದು ಗಾಡಿ ಕಂಬಳಿಯನ್ನೇ ಕದ್ದವರು ಎಲ್ಲರೂ ಬಂದುಹೋಗಿದ್ದರು. ಇಂಥದ್ದು ಬಂದಿರಲಿಲ್ಲ.

ಸುದ್ದಿ ಮೇಲೆ ಹೋಗುತ್ತಿದ್ದ ಹಾಗೆಯೇ ಫೋನುಗಳು ಕೆಳಗೆ ಸುರಿಯತೊಡಗಿದವು. ಚಿತ್ರದುರ್ಗದಿಂದ ಎಸ್‌ಪಿ ಸಾಹೇಬರ ದನಿ ಗಡುಸಾಗಿತ್ತು. "ಡರ್ಟಿ ಬಾಂಬ್ ಅಂದ್ರೆ ಗೊತ್ತಾ ಪ್ರೇಮಲತಾ? ಈ ಸಾಮಾನನ್ನ ಸಿಡಿಮದ್ದಿಗೆ ಕಟ್ಟಿ ಮೆಜೆಸ್ಟಿಕ್‌ನಲ್ಲಿ ಇಟ್ರೆ ಸಾಕು. ಹಬ್ಬದ ಜನ. ಬೆಂಗಳೂರು, ಬಳ್ಳಾರಿ ಕಡೆ ಹೋಗೋ ಎಲ್ಲಾ ಬಸ್ಸು ತಪಾಸಣೆ ಮಾಡಿಸ್ತಿದೀನಿ. ನಿಮ್ಮ ಕಡೆಯಿಂದ ಏನಾದ್ರೂ ಸುಳಿವು ಬೇಕು. ಇವತ್ತೇ."

ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಿಂದ ದೀಪಿಕಾ ಎಂಬ ವಿಜ್ಞಾನಿ ಮೀಟರ್ ಹಿಡಿದುಕೊಂಡು ಬಂದಳು. ಜೀಪು ನಾಯಕನಹಟ್ಟಿ ರಸ್ತೆಯ ಕಂಪನಿ ಶೆಡ್ಡಿನತ್ತ ಹೋಗುವಾಗ ಪ್ರೇಮಲತಾ ಕೇಳಿದಳು.

"ಅದು ಈಗ ಎಲ್ಲೇ ಇದ್ರೂ ಸುಡ್ತಿರ್ತದಾ?"

"ಯಂತ್ರದ ಒಳಗೇ ಇದ್ರೆ ಇಲ್ಲ. ದಪ್ಪ ಲೋಹದ ಹೊಟ್ಟೆ ಅದಕ್ಕೆ. ಜೊತೆಗೊಂದು ತಂತಿ, ಹಿಡಿ ಇರ್ತದೆ. ತಂತಿ ಹಾಕಿ ಹಿಡಿ ತಿರುಗಿಸಿದ್ರೆ ಹೊರಗೆ ಬರ್ತದೆ. ಆಗ ಪಕ್ಕದಲ್ಲಿ ಕೂತೋರಿಗೆ ಏನೂ ಗೊತ್ತಾಗಲ್ಲ. ಬಿಸಿ ಇಲ್ಲ, ವಾಸನೆ ಇಲ್ಲ. ಕೆಲವು ದಿನ ಆದ್ಮೇಲೆ ಮೈ ಬೊಬ್ಬೆ ಏಳೋಕೆ ಶುರು ಆಗ್ತದೆ."

"ತಂತಿ, ಹಿಡಿ ಐತಾ ನಿಮ್ಮ ಹತ್ರ?" ಪ್ರೇಮಲತಾ ಹಿಂದಕ್ಕೆ ತಿರುಗಿ ಮಲ್ಲಿಕ್‌ನನ್ನು ಕೇಳಿದಳು.

ಮಲ್ಲಿಕ್ ಕಿಟಕಿಯಾಚೆ ನೋಡಿದ. "ಅದೂ ಇಲ್ಲ ಮೇಡಂ."

ಶೆಡ್ಡಿನಲ್ಲಿ ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಮಾಡಿದರು. ಕಬ್ಬಿಣದ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ, ಅಂದರೆ ಕೀಲಿ ಇದ್ದವರೇ ತೆಗೆದಿದ್ದಾರೆ. ಪೂಜೆಯ ಹುಡುಗರು ಕತ್ತರಿಸಿ ಎಸೆದಿದ್ದ ಮೊಹರಿನ ದಾರ ಅಲ್ಲೇ ಬಿದ್ದಿತ್ತು. ಪ್ರೇಮಲತಾ ಅದನ್ನು ಎತ್ತಿಕೊಂಡು ಉದ್ದಕ್ಕೂ ಬೆರಳಾಡಿಸಿದಳು. ಗಂಟಿಲ್ಲ. ಆದರೆ ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು ದಪ್ಪ ಅನ್ನಿಸಿತು, ಬೆರಳ ತುದಿಗೆ ಬೂದು ಬಣ್ಣ ಹತ್ತಿತು.

"ಮಾರುತೇಶ, ಇದೇನು ನೋಡ್ರಿ."

ಮಾರುತೇಶ ದಾರವನ್ನು ಬೆಳಕಿಗೆ ಹಿಡಿದ. ಅವನ ಮುಖದ ನಗೆ ಇಳಿಯಿತು. "ಇದನ್ನ ಕೊಯ್ದು ಮತ್ತೆ ಸೇರಿಸವ್ರೆ ಮೇಡಂ. ನಮ್ಮ ಮೊಳಕಾಲ್ಮೂರಲ್ಲಿ ಮಗ್ಗಕ್ಕೆ ಹೊಸ ಹಾಸು ಏರಿಸ್ತಾರಲ್ಲ, ಹಳೇ ಎಳೆ ತುದಿಗೆ ಹೊಸ ಎಳೆ ಇಟ್ಟು, ಬೆರಳಿಗೆ ಬೂದಿ ಹಚ್ಕಂಡು ಹಿಂಗೇ ಹೊಸೀತಾರೆ. ಗಂಟು ಹಾಕಿದ್ರೆ ಸೀರೇಲಿ ಕಾಣ್ತದೆ. ನಮ್ಮವ್ವ ದಿನಾ ಮಾಡ್ತಿದ್ಲು."

"ನಿಮ್ಮಲ್ಲಿ ಮೊಳಕಾಲ್ಮೂರಿನೋರು ಯಾರವ್ರೆ?" ಪ್ರೇಮಲತಾ ಮಲ್ಲಿಕ್‌ನನ್ನು ಕೇಳಿದಳು.

"ಯಂತ್ರದ ಕೆಲಸದಲ್ಲಿ ಈಗ ಯಾರೂ ಇಲ್ಲ. ಹಾಲೇಶಪ್ಪ ಅಂತ ಒಬ್ಬ ಇದ್ದ. ಯಂತ್ರ ಹೊರೋ ಕೆಲಸ. ಬಿಟ್ಟುಹೋದ."

"ಯಾಕೆ?"

"ಕೈಗೆ ಏನೋ ಆಯ್ತು."

"ಏನಾಯ್ತು?"

"ಸುಟ್ಕಂಡಿದ್ದ. ಟೀ ಕಾಯಿಸ್ತಾ, ಸ್ಟೌ ಮೇಲೆ…"

"ಅವನ ಹತ್ರ ಪೆಟ್ಟಿಗೆ ಕೀಲಿ ಇತ್ತಾ?"

ಮಲ್ಲಿಕ್ ತಲೆಯಾಡಿಸಿದ. "ಇಸ್ಕಳ್ಳೋದು ಮರ್ತುಹೋಯ್ತು ಮೇಡಂ. ನಾನಿನ್ನು ಹೋಗ್ಲಾ? ಸಾಯಂಕಾಲ ಆಫೀಸಲ್ಲಿ ಪೂಜೆ ಐತೆ. ಎಲ್ಲರ ಮನೆಯೋರೂ ಬರ್ತಾರೆ. ಕಳ್ಳತನದ ವಿಷಯ ಅವರಿಗೆ ಹೇಳಿಲ್ಲ, ಹೆದರ್ಕಂತಾರೆ ಅಂತ."

"ಹೋಗ್ರಿ. ಫೋನ್ ಕೈಯಲ್ಲೇ ಇರ್ಲಿ."

ಹಾನಗಲ್ ಹಳ್ಳಿ ದಾಟಿ ಜೀಪು ಮೊಳಕಾಲ್ಮೂರಿನ ಬಂಡೆಗುಡ್ಡಗಳ ಕೆಳಗೆ ಬಂದಾಗ ಮೂರೂವರೆ. ನೇಕಾರರ ಬೀದಿಯಲ್ಲಿ ಯಾವತ್ತೂ ಕೇಳುವ ಲಾಳಿಯ ಸದ್ದಿಲ್ಲ. ಹಬ್ಬದ ದಿನ ಮಗ್ಗ ಮುಟ್ಟುವುದಿಲ್ಲ. ಇದ್ದಲ್ಲೇ ಅರಿಸಿನ ಕುಂಕುಮ ಇಟ್ಟು ಕೈಮುಗಿಯುತ್ತಾರೆ, ಅಷ್ಟೇ. ಪಕ್ಕದ ಮನೆಯ ರಂಗಕ್ಕ, ಯಾರು ಬೇಕೆಂದು ಜಗುಲಿಯಿಂದಲೇ ತೆಲುಗಿನಲ್ಲಿ ಕೂಗಿದಳು. "ಎವರು ಕಾವಾಲಿ?"

"ಹಾಲೇಶಪ್ಪ ಇಲ್ಲು ಎಕ್ಕಡಕ್ಕಾ?" ಮಾರುತೇಶ ತೆಲುಗಿನಲ್ಲೇ ಹಾಲೇಶಪ್ಪನ ಮನೆ ಕೇಳಿದ.

"ಇದೇ ಬಾಗ್ಲು. ಪಾಪ ಕಣಪ್ಪಾ, ಆ ಕೈ ನೋಡೋಕಾಗಲ್ಲ."

ಹಾಲೇಶಪ್ಪ ಗೋಡೆಗೆ ಒರಗಿ ಕೂತಿದ್ದ. ಬಲಗೈಯನ್ನು ಹಳೆಯ ರೇಷ್ಮೆ ತುಂಡಿನಲ್ಲಿ ಸುತ್ತಿತ್ತು. ಪೊಲೀಸರನ್ನು ಕಂಡದ್ದೇ ತಡ, ಅವರು ಕೇಳುವ ಮೊದಲೇ ಹೇಳಿದ. "ನಾನೇ ಕದ್ದಿದ್ದು. ನಡೀರಿ."

ದೀಪಿಕಾ ಮೀಟರ್ ಹಿಡಿದು ಮನೆಯೆಲ್ಲ ಸುತ್ತಿ ಬಂದು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಬಿಚ್ಚಿಸಿದಳು. ಹೆಬ್ಬೆರಳೂ ತೋರುಬೆರಳೂ ಇರಲಿಲ್ಲ. ಉಳಿದವು ಬೆಂದ ಬೇರಿನ ಹಾಗೆ ಮುರುಟಿದ್ದವು.

"ಇದು ಸ್ಟೌ ಅಲ್ಲ" ಎಂದಳು ದೀಪಿಕಾ, ಮೆಲ್ಲಗೆ.

ಪ್ರೇಮಲತಾ ಆ ಕೈಯನ್ನೇ ನೋಡುತ್ತ ನಿಂತಳು. ಬೂದಿ ಹಚ್ಚಿ ದಾರ ಹೊಸೆಯುವುದಕ್ಕೆ ಬೇಕಾದ ಎರಡು ಬೆರಳೇ ಈ ಮನುಷ್ಯನಿಗಿಲ್ಲ.

"ದಾರ ಹೊಸೆದೋರು ಯಾರು ಹಾಲೇಶಪ್ಪ?"

ಅವನು ಬಟ್ಟೆಯನ್ನು ಮತ್ತೆ ಕೈಗೆ ಸುತ್ತಿಕೊಳ್ಳತೊಡಗಿದ.

"ನಿಮ್ಮ ಮನೆಯವ್ರು ಎಲ್ಲಿ?"

"ವೀರಮ್ಮ ತವರಿಗೆ ಹೋಗವ್ಳೆ."

"ಸುಳ್ಳು ಹೇಳ್ಬ್ಯಾಡ ಮಾವ" ಎಂದ ಮಾರುತೇಶ, ಊರಿನವನ ಸಲಿಗೆಯಲ್ಲಿ. "ಮಗ್ಗದ ಪೂಜೆ ದಿನ ಮಗ್ಗ ಬಿಟ್ಟು ಯಾವ ನೇಕಾರ್ತಿ ತವರಿಗೆ ಹೋಗ್ತಾಳೆ?"

ಹಾಲೇಶಪ್ಪ ಮಗ್ಗದ ಕಡೆ ನೋಡಿದ. "ಶೆಡ್ಡಲ್ಲಿ ಅಡುಗೆ ಮಾಡ್ಕಂಡಿದ್ಲು. ನಾನು ಬಿಟ್ಟ ಮೇಲೂ ಅಲ್ಲೇ ಇದ್ಲು, ಮನೆ ನಡೀಬೇಕಲ್ಲ. ರಜಾ ಅಂದ್ರು, ಪಾತ್ರೆ ತರ್ತೀನಿ ಅಂತ ಹೋಗಿ ಅದನ್ನ ತಂದುಬಿಟ್ಳು. ಆ ಯಂತ್ರ ಹೆಂಗೆ ತಿರುಗ್ತದೆ ಅಂತ ನಾನೇ ಯಾವತ್ತೋ ತೋರ್ಸಿದ್ದೆ ಮೇಡಂ. ಇವತ್ತು ಬುಟ್ಟೀಲಿ ಸೀರೆ ಮುಚ್ಚಿಕಂಡು ಹೋದ್ಲು. ಆಫೀಸ್ ಪೂಜೆಗೆ. ಮ್ಯಾನೇಜರ್ ಸಾಹೇಬ್ರು ಕೂರೋ ಜಾಗದಲ್ಲಿ ಇಡ್ತೀನಿ ಅಂದ್ಲು. ಬ್ಯಾಡ ಅಂದೆ. ನನ್ನ ಕೈ ಹಿಡ್ಕಂಡು ಅತ್ಲೇ ಹೊರ್ತು ಕೇಳ್ಲಿಲ್ಲ."

"ಅಲ್ಲಿಗೆ ಹೆಂಗಸರು ಮಕ್ಕಳು ಬರೋದು ಗೊತ್ತಾ ಅವಳಿಗೆ?"

"ಹೋದ ವರ್ಷ ಗಂಡಸರೇ ಇದ್ದಿದ್ದು." ಅವನು ತಲೆಯೆತ್ತಿದ. "ಮಕ್ಕಳು ಬರ್ತಾರಾ?"

ಪ್ರೇಮಲತಾ ಆಗಲೇ ಹೊರಗೆ ಓಡಿದ್ದಳು. ಮಲ್ಲಿಕ್‌ಗೆ ಮಾಡಿದ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಠಾಣೆಯಲ್ಲಿದ್ದ ಕಾವ್ಯಳಿಗೆ ಹೇಳಿದಳು. "ಮಫ್ತಿಯಲ್ಲಿ ಹೋಗು. ಗಲಾಟೆ ಮಾಡ್ಬೇಡ. ಕೂಗಾಡಿದ್ರೆ ಆ ಹೆಂಗಸು ಹಿಡಿ ತಿರುಗಿಸಿಬಿಡ್ತಾಳೆ. ಜನ ಹೊರಗೆ ಬರೋ ಹಂಗೆ ಏನಾದ್ರೂ ಮಾಡು."

ಮಾರುತೇಶ ಜೀಪನ್ನು ಹೇಗೆ ಓಡಿಸಿದನೆಂದರೆ, ರಸ್ತೆಯೇ ಹಿಂದಕ್ಕೆ ಸರಿದು ಚಳ್ಳಕೆರೆಯೇ ಎದುರಿಗೆ ಬಂತೇನೋ ಎನ್ನಬೇಕು. ದಾರಿಯುದ್ದಕ್ಕೂ ಅವನು ಒಂದು ಕತೆಯನ್ನೂ ಹೇಳಲಿಲ್ಲ.

ಕಾವ್ಯ ಹೋದಾಗ ಆಫೀಸಿನ ಹಜಾರ ತುಂಬಿತ್ತು. ಬೆಸುಗೆ ಯಂತ್ರ, ಡ್ರಿಲ್ಲು, ಸ್ಪ್ಯಾನರುಗಳೆಲ್ಲ ಸಾಲಾಗಿ ಹೂವು ಹೊತ್ತು ಕೂತಿದ್ದವು. ಆ ಸಾಲಿನ ಕೊನೆಯಲ್ಲಿ ಮ್ಯಾನೇಜರ್ ಕುರ್ಚಿಯ ಕಾಲಿಗೆ ತಾಗಿದಂತೆ ಕೆಂಪು ಸೀರೆ ಮುಚ್ಚಿದ ಬುಟ್ಟಿ. ಅದರ ಪಕ್ಕ ಒಬ್ಬ ಹೆಂಗಸು ಚಕ್ಕಂಬಕ್ಕಳ ಹಾಕಿ ಕೂತು ಒಂದು ಕೈಯನ್ನು ಸೀರೆಯ ಒಳಗೆ ಇಟ್ಟುಕೊಂಡಿದ್ದಳು. ಅಡುಗೆಯ ವೀರಮ್ಮ ಎಂದು ಎಲ್ಲರಿಗೂ ಗೊತ್ತು, ಯಾರೂ ಏನೂ ಕೇಳಿರಲಿಲ್ಲ. ಸುತ್ತ ಮಕ್ಕಳು ಮಂಡಕ್ಕಿ ಎರಚಾಡುತ್ತಿದ್ದವು.

ಕಾವ್ಯ ಬಾಗಿಲಲ್ಲಿ ನಿಂತು, ಗಾಡಿ ಪೂಜೆಗೆ ಕರೆಯುವ ಮನೆಮಗಳ ಹಾಗೆ ಕೂಗಿದಳು. "ಬರ್ರಿ ಬರ್ರಿ! ಲಾರಿಗೆ ಕುಂಬಳಕಾಯಿ ಒಡೀತಾರೆ! ಒಳಗಿನ ಕುಂಕುಮದ ಚಿಲ್ಲರೆ ಎಲ್ಲಾ ಮಕ್ಕಳಿಗೇ!"

ಕುಂಬಳಕಾಯಿಯೊಳಗಿನ ಚಿಲ್ಲರೆ ಎಂದ ಮೇಲೆ ಯಾವ ಮಗು ಒಳಗೆ ಕೂತೀತು? ಹಿಂಡೇ ಹೊರಗೆ ನುಗ್ಗಿತು, ಹಿಂದೆ ತಾಯಂದಿರು, ಹಿಂದೆ ಗಂಡಸರು. ಕಾವ್ಯ ಅವರನ್ನೆಲ್ಲ ರಸ್ತೆಯ ಆಚೆ ನಿಂತ ಲಾರಿಯ ತನಕ ನಡೆಸಿದಳು. ಅದೇ ಹೊತ್ತಿಗೆ ಜೀಪು ಬಂದು ನಿಂತಿತು.

ಹಜಾರದಲ್ಲಿ ಉಳಿದವಳು ವೀರಮ್ಮ ಒಬ್ಬಳೇ. ಹೊಸ್ತಿಲಲ್ಲಿ ಮಲ್ಲಿಕ್ ನಿಂತಿದ್ದ. ಬುಟ್ಟಿಯಿಂದ ಇಣುಕುತ್ತಿದ್ದ ತಂತಿಯನ್ನು ಅವನು ಆಗಷ್ಟೇ ಕಂಡಿದ್ದ.

ಪ್ರೇಮಲತಾ ಟೋಪಿ ತೆಗೆದು ವೀರಮ್ಮನ ಎದುರಿಗೆ ನೆಲದ ಮೇಲೆ ಕೂತಳು. "ತಿರುಗಿಸಿದೀರಾ?"

"ಇಲ್ಲ." ವೀರಮ್ಮ ಕೈ ಅಲುಗಿಸಲಿಲ್ಲ. "ಬಂದಾಗಿಂದ ಕೈ ಇದರ ಮೇಲೇ ಐತೆ. ಈ ಮಕ್ಕಳು ಬಂದುಬಿಟ್ವು. ಒಂದು ಕೂಸು ನನ್ನ ಬಾಯಿಗೇ ಮಂಡಕ್ಕಿ ಹಾಕ್ತು."

"ಈಗ ಮಕ್ಕಳಿಲ್ಲ. ಕೈ ತೆಗೀರಿ ತಾಯಿ."

"ಸಾಹೇಬ್ರು ಇದಾರಲ್ಲ ಈಗ." ಅವಳು ಮಲ್ಲಿಕ್ ಕಡೆ ಗದ್ದ ಎತ್ತಿದಳು. "ಅವ್ರು ಹೇಳ್ಲಿ, ನಮ್ಮನೆಯೋರ ಕೈ ಹೆಂಗೆ ಹೋಯ್ತು ಅಂತ. ಇದರಿಂದ ಏನೂ ಆಗಲ್ಲ ಅನ್ನೋದು ನಿಜಾನೇ ಆದ್ರೆ, ಬಂದು ಈ ಕುರ್ಚೀಲಿ ಕೂತ್ಕಳ್ಳಿ. ನಾನೂ ಪಕ್ಕದಲ್ಲೇ ಕೂತಿರ್ತೀನಿ. ಇಬ್ರಿಗೂ ಆಗಿದ್ದಾಗ್ಲಿ."

"ಮೇಡಂ, ಹಿಡೀರಿ ಅವಳನ್ನ" ಎಂದ ಮಲ್ಲಿಕ್.

ಪ್ರೇಮಲತಾ ಹಿಂತಿರುಗಿ ನೋಡಲಿಲ್ಲ. ವೀರಮ್ಮನ ಮಣಿಕಟ್ಟಿಗೂ ತನಗೂ ಒಂದು ಮೊಳ ದೂರ. ಹಾರಿ ಹಿಡಿಯಬಹುದು, ತಪ್ಪಿದರೂ ತಪ್ಪಬಹುದು. "ಕೇಳಿದ್ದಕ್ಕೆ ಉತ್ತರ ಹೇಳ್ರಿ ಮಲ್ಲಿಕ್. ಮಧ್ಯಾಹ್ನ ನನಗೆ ಸ್ಟೌ ಅಂದ್ರಲ್ಲ, ಅದನ್ನೇ ಇವರ ಮುಖ ನೋಡಿ ಹೇಳ್ರಿ."

ಹೊರಗೆ ಕುಂಬಳಕಾಯಿ ಒಡೆದ ಸದ್ದಾಯಿತು. ಮಕ್ಕಳು ಹೋ ಎಂದವು.

"ಸ್ಟೌ ಅಲ್ಲ" ಎಂದ ಮಲ್ಲಿಕ್. ಆಮೇಲೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. "ಅವತ್ತು ಸಾಮಾನು ಹೊರಗೆ ಬಂದು ನೆಲಕ್ಕೆ ಬಿದ್ದುಬಿಡ್ತು. ಪೈಪಿನೋರು ಅವಸರ ಮಾಡ್ತಿದ್ರು. ಏನೂ ಆಗಲ್ಲ, ಎತ್ತಿ ಒಳಗೆ ಹಾಕು ಹಾಲೇಶಪ್ಪ ಅಂದೆ. ಬರೀ ಕೈಯಲ್ಲಿ ಎತ್ತಿದ. ನನ್ನ ಮಾತು ನಂಬಿ ಎತ್ತಿದ."

ವೀರಮ್ಮ ಕಣ್ಣು ಮುಚ್ಚಿದಳು. ಸೀರೆಯೊಳಗಿನ ಕೈ ತಾನಾಗಿ ಹೊರಗೆ ಬಂತು. ದೀಪಿಕಾ ಮೀಟರ್ ಮುಂದೆ ಹಿಡಿದು ಬಂದಳು. ಬುಟ್ಟಿಯ ಹತ್ತಿರ ಒಂದು ಗಳಿಗೆ ನಿಂತು, "ಒಳಗೇ ಐತೆ, ಬೀಗ ಬಿದ್ದೈತೆ" ಎಂದಳು.

ಸಂಜೆ ಐದೂಮುಕ್ಕಾಲಿಗೆ ವೀರಮ್ಮನನ್ನು ದಸ್ತಗಿರಿ ಮಾಡಲಾಯಿತು. ಯಂತ್ರ, ತಂತಿ, ಹಿಡಿ, ಕೀಲಿ ಎಲ್ಲವನ್ನೂ ಪಂಚರ ಮುಂದೆ ಜಪ್ತಿ ಮಾಡಿದರು. ಮಲ್ಲಿಕ್ ಮೇಲೆ ಬೇರೊಂದು ಪ್ರಕರಣ ದಾಖಲಾಯಿತು. ಬಸ್ಸುಗಳ ತಪಾಸಣೆ ನಿಲ್ಲಿಸಲು ಹೇಳುವಾಗ ಎಸ್‌ಪಿ ಸಾಹೇಬರು ಕೇಳಿದರು. "ಯಾವ ಸಂಘಟನೆ?"

"ಯಾವ್ದೂ ಇಲ್ಲ ಸಾರ್. ಗಂಡ ಹೆಂಡ್ತಿ."

ಹೇಳಿಕೆ ಬರೆಸುವಾಗ ವೀರಮ್ಮ ಅಳಲಿಲ್ಲ. ಯಾಕೆ ಮಾಡಿದೆ ಎಂದದ್ದಕ್ಕೆ ಸಾವಕಾಶವಾಗಿ ಹೇಳಿದಳು. ಹೋದ ಆಸ್ಪತ್ರೆಯಲ್ಲೆಲ್ಲ ಡಾಕ್ಟರು ಹೇಗಾಯಿತು ಎಂದು ಕೇಳುತ್ತಿದ್ದರು. ಗಂಡ ಯಂತ್ರದ ಮಾತೆತ್ತಿದರೆ ಕಂಪನಿಗೆ ಫೋನು ಹೋಗುತ್ತಿತ್ತು, ಕಂಪನಿಯವರು ಸ್ಟೌ ಎನ್ನುತ್ತಿದ್ದರು. ಸ್ಟೌ ಗಾಯಕ್ಕೆಂದು ಕೊಟ್ಟ ಮುಲಾಮು ಹಚ್ಚುತ್ತ ಹಚ್ಚುತ್ತಲೇ ಎರಡು ಬೆರಳು ಉದುರಿದವು. ಕೊನೆಕೊನೆಗೆ ಬೀದಿಯವರು, ಕುಡಿದು ಒಲೆಗೆ ಬಿದ್ದನೇನೋ ಎಂದರು. ಅವನು ಹೊರಗೆ ಬರುವುದನ್ನೇ ಬಿಟ್ಟ. "ನಮ್ಮನೆಯೋರು ಸುಳ್ಳುಗಾರ ಅಲ್ಲ ಮೇಡಂ. ಅಷ್ಟೇ ನಂಗೆ ಬೇಕಿದ್ದು."

ರಾತ್ರಿ ಒಂಬತ್ತರ ಹೊತ್ತಿಗೆ ಆಸ್ಪತ್ರೆಯಿಂದ ಮಾರುತೇಶ ಕಾವ್ಯಳಿಗೆ ಫೋನು ಮಾಡಿದ. ಹಾಲೇಶಪ್ಪನನ್ನು ದೀಪಿಕಾ ತಾನೇ ಜೊತೆಗಿದ್ದು ಆಸ್ಪತ್ರೆಗೆ ಸೇರಿಸಿದ್ದಳು. ಮಾತು ಮುಗಿಸಿ ಕಾವ್ಯ ವೀರಮ್ಮ ಕೂತಿದ್ದ ಬೆಂಚಿನ ಹತ್ತಿರ ಬಂದಳು.

"ಡಾಕ್ಟ್ರು ಏನಂತ ಬರ್ಕಂಡ್ರು?" ಕೇಳಿದಳು ವೀರಮ್ಮ.

"ರೇಡಿಯೇಷನ್ ಅಂತ ಬರೆದವ್ರೆ ಅಕ್ಕ. ರೇಡಿಯೇಷನ್ನಿಂದ ಆದ ಗಾಯ ಅಂತ."

ವೀರಮ್ಮ ಆ ಮಾತನ್ನು ತುಟಿಯಲ್ಲೇ ಹೇಳಿ ನೋಡಿದಳು. ಸರಿಯಾಗಿ ಬರಲಿಲ್ಲ.

"ಇನ್ನೊಂದ್ಸಲ ಹೇಳವ್ವ" ಎಂದಳು.

ಕಾವ್ಯ ಪಕ್ಕದಲ್ಲಿ ಕೂತು, ಅಕ್ಷರ ಅಕ್ಷರ ಬಿಡಿಸಿ ಹೇಳಿಕೊಟ್ಟಳು.