ತೆರೆಯದ ಫೋಟೋ

“ವಿರೂಪಾಕ್ಷ ಅಂದ್ರ ನೀವನ ಏನ್ರಿ?”

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಆ ಸಣ್ಣ ಸ್ಟುಡಿಯೋದಲ್ಲಿ, ಯಾರದೋ ಮದುವೆಯ ಆಲ್ಬಮ್ ಜೋಡಿಸುತ್ತಿದ್ದ ಯುವಕ ತಲೆ ಎತ್ತಿದ. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

“ಹೌದ್ರಿ. ಏನ್ ಬೇಕಾಗಿತ್ತು?”

ಅವಳು ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದಳು.

“ನನ್ನ ಮರ್ಯಾದಿ ಬೇಕಾಗಿತ್ರಿ! ಬಾನಾಡಿ ಬಳಗದಾಗ ನನ್ನ ಫೋಟೋದ ಮ್ಯಾಲ ‘ಸುಳ್ಳು ಸುದ್ದಿ’ ಅಂತ ಕೆಂಪು ಪಟ್ಟಿ ಹಚ್ಚಿದವ್ರು ನೀವ ಅಲ್ಲೇನು?”

ವಿರೂಪಾಕ್ಷನಿಗೆ ಈಗ ಗೊತ್ತಾಯಿತು. ಇವಳು ಉಮಾಶ್ರೀ! ಸವದತ್ತಿ ಕಡೆಯ ಹಿನ್ನೀರಿನ ದಂಡೆಯ ಊರಿನ ವಿಜ್ಞಾನ ಟೀಚರ್...

ಬಾನಾಡಿ ಬಳಗ ಎಂದರೆ ಹಕ್ಕಿಗಳ ಫೋಟೋ ಹಾಕಿ ಚರ್ಚೆ ಮಾಡುವ ಜಾಲತಾಣ. ಅದನ್ನು ನೋಡಿಕೊಳ್ಳುವವನು ವಿರೂಪಾಕ್ಷ. ಮಲಪ್ರಭೆಯ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಬಾತುಗಳು ದಂಡೆಯಲ್ಲಿ ಸತ್ತು ಬಿದ್ದಿವೆ, ಯಾರೋ ವಿಷ ಇಟ್ಟಿದ್ದಾರೆ, ಏನಾದರೂ ಮಾಡಿ ಎಂದು ಉಮಾಶ್ರೀ ಅದರಲ್ಲಿ ಬರೆದಿದ್ದಳು. ಆದರೆ ಅವಳು ಹಾಕಿದ ಫೋಟೋ ಮಾತ್ರ ಯಾರಿಗೂ ತೆರೆಯಲಿಲ್ಲ. ಚಿತ್ರವಿರಬೇಕಾದ ಕಡೆ ಒಂದು ಖಾಲಿ ಚೌಕ.

ಜನ ನಗಾಡಿದರು. ಅವಳು ಮತ್ತೊಂದು ಹಾಕಿದಳು. ಅದು ಮಸುಕಾದ ಸ್ಕ್ರೀನ್‌ಶಾಟ್. ಎಲ್ಲಿ, ಯಾವಾಗ ತೆಗೆದದ್ದು ಎಂಬ ವಿವರ ಅದರಲ್ಲಿ ಒಂದೂ ಇರಲಿಲ್ಲ. ‘ಎಲ್ಲಿಂದಲೋ ಕದ್ದ ಹಳೇ ಫೋಟೋ’ ಎಂದರು ಒಬ್ಬರು. ಹತ್ತಾರು ಮಂದಿ ಹೂಂಗುಟ್ಟಿದರು. ವಿರೂಪಾಕ್ಷ ಕೆಂಪು ಪಟ್ಟಿ ಹಚ್ಚಿ ಚರ್ಚೆಗೆ ಬೀಗ ಹಾಕಿದ್ದ.

“ಸಾಲಿ ಕಂಪ್ಯೂಟರಿನಾಗ ಹಾಕಾಕ ಹೋದ್ರ ‘ಈ ಬಗೆಯ ಫೈಲ್ ನಡಿಯೂದಿಲ್ಲ’ ಅಂತು. ಹೆಸರಿನ ಕೊನಿಗೆ ಜೆಪಿಜಿ ಅಂತ ನಾನ ತಿದ್ದಿದೆ. ತಗೊಂತು... ಆದ್ರ ಕಾಣಲಿಲ್ಲ. ಅದಕ್ಕ ಸ್ಕ್ರೀನ್‌ಶಾಟ್ ಹಾಕಿದೆ. ಇದರಾಗ ನಂದೇನ್ರಿ ಸುಳ್ಳು?”

ಅವಳು ಮುಖ ಆಚೆ ತಿರುಗಿಸಿದಳು. ‘ಅಳಬಾರದು... ಈ ಮನುಷ್ಯನ ಮುಂದಂತೂ ಅಳಲೇಬಾರದು!’

ವಿರೂಪಾಕ್ಷ ಮೆಲ್ಲಗೆ ಕುರ್ಚಿ ಎಳೆದುಕೊಟ್ಟ.

“ಕುಂತ್ಕೋರಿ. ಫೋನ್ ಕೊಡ್ರಿ, ನೋಡೂಣು.”

ಗೆಳತಿ ಕೊಟ್ಟ ಹಳೆಯ ಐಫೋನ್ ಅದು. ಕೇಬಲ್ ಸಿಕ್ಕಿಸಿ ಮೂಲ ಫೈಲಿನ ಹೆಸರು ನೋಡಿದ ಕೂಡಲೇ ಅವನ ಹುಬ್ಬು ಗಂಟಿಕ್ಕಿತು.

“ಇದು ಎಚ್‌ಇಐಸಿ ಫೈಲ್ ಐತ್ರಿ. ನಿಮ್ಮ ಫೋನು ಜಾಗ ಉಳಸಾಕ ಹಿಂಗ ಇಡತೈತಿ. ನಮ್ಮ ಬಳಗ ಹಳೇದು, ಅದಕ್ಕ ಇದು ತಿಳಿಯೂದಿಲ್ಲ. ಹೆಸರು ತಿದ್ದಿದ್ರ ಒಳಗಿಂದು ಬದಲಾಗಂಗಿಲ್ರಿ. ಗೋದಿ ಚೀಲದ ಮ್ಯಾಲ ಜ್ವಾಳ ಅಂತ ಬರದಂಗ ಆತು.”

“ನನಗ ಪಾಠ ಬ್ಯಾಡ್ರಿ...”

ಅಷ್ಟರಲ್ಲಿ ಫೈಲ್ ಜೆಪಿಜಿಗೆ ಬದಲಾಗಿ ಪರದೆಯ ತುಂಬ ಚಿತ್ರ ಅರಳಿತ್ತು. ಕರಿಮಣ್ಣಿನ ದಂಡೆ, ಹಿಂದೆ ಒಂದು ಹೊಲದ ಬದು. ಕುತ್ತಿಗೆ ಚಾಚಿ ಬಿದ್ದ ಬಾತುಗಳು. ಪಕ್ಕದಲ್ಲಿ ಚೆಲ್ಲಿದ, ನೀಲಿ ಬಣ್ಣ ಹತ್ತಿದ ಜೋಳ. ಕೆಳಗೆ ಕಳೆದ ವಾರದ ತಾರೀಖು.

ಎಲ್ಲವೂ ನಿಜ!

“ತಪ್ಪಾತ್ರೀ ಟೀಚರ್...” ಅವನ ದನಿ ಇಳಿದಿತ್ತು. “ಒಂದ ಮಾತು ನಿಮ್ಮನ್ನ ಕೇಳಬೇಕಿತ್ತು ನಾ. ಕೇಳಲಿಲ್ಲ.”

ಅವಳೆದುರೇ ಪಟ್ಟಿ ತೆಗೆದ. ತನ್ನ ಹೆಸರಿನಲ್ಲೇ ಎಲ್ಲರ ಮುಂದೆ ಕ್ಷಮೆ ಬರೆದ. ಉಮಾಶ್ರೀ ನೋಡುತ್ತಲೇ ಇದ್ದಳು. ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಳ್ಳುವ ಗಂಡಸರೂ ಇರುತ್ತಾರಾ?

“ಒಂದ ಮಾತು...” ಎಂದಳು ಕೊನೆಗೆ. “ಜಾಗ ಯಾವುದು ಅಂತ ಯಾರಿಗೂ ಗೊತ್ತಾಗಬಾರದ್ರಿ. ಊರಾಗ ನಾ ಬಾಳೇ ಮಾಡಬೇಕಲ್ಲ.”

“ಫೋಟೋದ ಒಳಗ ಜಾಗದ ಗುರುತು ಇರತೈತ್ರಿ. ಅದನ್ನ ಅಳಿಸೇ ಹಾಕತೇನಿ. ನನ್ನ ಮಾತು.”

ಅವಳು ತಲೆಯಾಡಿಸಿದಳು. ಅವನಿಗೆ ಹೇಳದೆ ಉಳಿಸಿಕೊಂಡ ಸಂಗತಿ ಒಂದಿತ್ತು. ಆ ಫೋಟೋದಲ್ಲಿ ಕಾಣುವ ಹೊಲದ ಬದು ಯಾರದು ಎಂದು ಅವಳಿಗೆ ಗೊತ್ತಿತ್ತು... ಅದನ್ನು ತನಗೆ ತಾನೇ ಹೇಳಿಕೊಳ್ಳುವ ಧೈರ್ಯವೂ ಅವಳಿಗಿರಲಿಲ್ಲ.

*

ಆಮೇಲೆ ದಿನಾ ಮೆಸೇಜು ಶುರುವಾಯಿತು. ದಂಡೆಯ ಫೋಟೋಗಳನ್ನು ಅವಳು ವಾಟ್ಸಾಪಿನಲ್ಲಿ ಕಳಿಸುವಳು, ಅವನು ಬಳಗಕ್ಕೆ ಹಾಕುವನು. ‘ಫೋನಿನ ಸೆಟ್ಟಿಂಗ್ ಬದಲ ಮಾಡ್ರಿ, ಮುಂದ ಜೆಪಿಜಿನ ಬರತಾವು’ ಎಂದು ಅವನು ಕಲಿಸಿಕೊಟ್ಟ. ಮಾತು ಹಕ್ಕಿಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಬಂತು. ತಂದೆ ತಾಯಿ ಇಲ್ಲದ ತನ್ನನ್ನು ಸಾಕಿದವರು ಕಾಕಾ ಉಳವಪ್ಪ, ಚಿಗವ್ವ ರಾಚವ್ವ ಎಂದು ಅವಳು ಬರೆದಳು. ‘ನಮ್ಮ ಕಾಕಾ ಬಂಗಾರದಂಥಾ ಮನಷ್ಯಾರಿ’ ಎಂದು ಬರೆದು, ಅಳಿಸಿ, ಮತ್ತೆ ಬರೆದಳು.

ಮುಂಜಾನೆ ಎದ್ದರೆ ಮೊದಲು ನೋಡುವುದು ಫೋನು. ‘ಯಾಕ ಹಿಂಗ ಆಗಾಕ ಹತ್ತೇತಿ ನನಗ?’

ಒಂದು ದಿನ ಕುರಿಗಾರ ಭೀಮಶಿಯ ನಾಯಿ ಸತ್ತಿತು. ದಂಡೆಯಲ್ಲಿ ಬಾತು ತಿಂದು, ಬಾಯಲ್ಲಿ ನೊರೆ ಬಂದು, ಅದೇ ಹೊಲದ ಬದುವಿನ ಮೇಲೆ ಒದ್ದಾಡಿ ಸತ್ತಿತು. ಹಾವು ಕಡಿದಿದೆ ಎಂದುಕೊಂಡು ಭೀಮಶಿ ಅದನ್ನು ಹುಗಿದ. ಹುಗಿಯುವ ಮೊದಲೇ ಉಮಾಶ್ರೀ ಫೋಟೋ ತೆಗೆದಿದ್ದಳು; ವಿಷವಿರಬಹುದೆಂದು ಅವನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ವಿರೂಪಾಕ್ಷನ ಫೋನು ಕೂಡಲೇ ಬಂತು.

“ವಾಟ್ಸಾಪಿನಾಗ ಮಸಕಾಗೇತ್ರಿ. ದನದ ಡಾಕ್ಟರಿಗೆ ತೋರಸಬೇಕು. ಡಾಕ್ಯುಮೆಂಟ್ ಅಂತ ಪೂರ್ತಿ ಫೈಲ್ ಕಳಸ್ರಿ. ಜಲ್ದಿ!”

ಕಳಿಸಿದಳು. ಡಾಕ್ಟರು ನೋಡಿ ವಿಷವೇ ಎಂದರು. ನಾಯಿ ಸತ್ತ ಮೇಲೆ ನಾಳೆ ಮನುಷ್ಯರು ತಿಂದರೆ? ವಿರೂಪಾಕ್ಷ ತಡಮಾಡಲಿಲ್ಲ. ಎಚ್ಚರಿಕೆ ಬರೆದು ಫೋಟೋ ಸಮೇತ ಬಳಗಕ್ಕೆ ಹಾಕಿಬಿಟ್ಟ.

ಆ ಅವಸರದಲ್ಲಿ ಒಂದು ಕೆಲಸ ಮರೆತ. ಪೂರ್ತಿ ಫೈಲಿನೊಳಗೆ ಜಾಗದ ಗುರುತು ಹಾಗೇ ಉಳಿದಿತ್ತು. ಬಳಗದ ಜಾಲತಾಣ ತಾನಾಗಿಯೇ ಫೋಟೋದ ಕೆಳಗೆ ನಕ್ಷೆ ಬಿಡಿಸಿ, ಉಳವಪ್ಪನ ಹೊಲದ ಮೇಲೆಯೇ ಕೆಂಪು ಚುಕ್ಕೆ ಇಟ್ಟಿತು!

*

ಮರುದಿನ ಶಾಲೆ ರಜೆ. ಉಮಾಶ್ರೀ ಹೊರಗೆ ಬಂದಾಗ ಕಟ್ಟೆಯ ಮೇಲೆ ಜನ ಮೊಬೈಲ್ ಹಿಡಿದು ನಿಂತಿದ್ದರು. ಕಾಕಾ ಅಂಗಳದಲ್ಲಿ ಕಂಬಕ್ಕೊರಗಿ ಕೂತಿದ್ದ. ಅವಳನ್ನು ಒಮ್ಮೆಯೂ ಗದರಿಸದ ಕಾಕಾ!

“ಯವ್ವಾ ಉಮಾ...” ಅವನ ದನಿ ಒಡೆದಿತ್ತು. “ಈ ಕೈಯಾಗ ತುತ್ತು ಮಾಡಿ ಉಣಿಸೇನಿ ನಿನಗ. ನನ್ನ ಹೊಲಾನ ತೋರಿಸಿದೇನ ಊರಿಗೆಲ್ಲಾ?”

ಅವಳು ಒಳಗೆ ಓಡಿದಳು. ವಿರೂಪಾಕ್ಷನಿಗೆ ಫೋನು ಮಾಡಿದಳು.

“ಮಾತು ಕೊಟ್ಟಿದ್ರಿ ನೀವು! ನಿಮ್ಮ ಬಳಗ ದೊಡ್ಡದಾಗಬೇಕು, ಅಷ್ಟ ಅಲ್ಲೇನ್ರಿ? ನಮ್ಮ ಮನಿ ಮುರದ್ರೂ ನಡೀತೈತಿ!”

“ಉಮಾಶ್ರೀ ಅವ್ರ, ಒಂದ ನಿಮಿಷ ಕೇಳ್ರಿ...”

“ನಂಬಿದ್ನೆಲ್ರಿ ನಿಮ್ಮನ್ನ... ನಂಬಿದ್ನಿ!”

ಫೋನು ಕತ್ತರಿಸಿದಳು. ಕಣ್ಣೀರು ಧಾರಾಕಾರ ಹರಿಯಿತು. ನೋವಾಗಿದ್ದು ಊರಿನ ಮಾತಿಗೋ, ಅವನು ಮಾತು ತಪ್ಪಿದ್ದಕ್ಕೋ... ಅವಳಿಗೇ ತಿಳಿಯಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಮನೆಯ ಮುಂದೆ ಬೈಕ್ ಬಂದು ನಿಂತಿತು. ವಿರೂಪಾಕ್ಷ! ಮೈಯೆಲ್ಲ ಧೂಳು. ಅವನು ನೇರ ಉಳವಪ್ಪನ ಮುಂದೆ ಬಂದು ಕೈ ಮುಗಿದ.

“ತಪ್ಪು ನಂದ್ರಿ ಯಜಮಾನ್ರ. ಜಾಗ ಹೇಳಬ್ಯಾಡ್ರಿ ಅಂತ ಇವ್ರು ಕೈ ಮುಗದು ಕೇಳಿದ್ರು. ಅವಸರದಾಗ ಅಳಸೂದು ಮರತೆ. ಗುರುತು ಈಗ ತಗದೇನಿ. ಬೈಯೂದಾದ್ರ ನನ್ನ ಬೈರಿ, ಹೊಡಿಯೂದಾದ್ರ ನನ್ನ ಹೊಡೀರಿ. ಇವ್ರ ಮ್ಯಾಲ ಸಿಟ್ಟಾಗಬ್ಯಾಡ್ರಿ.”

ಉಳವಪ್ಪ ಮೂಲೆಯಲ್ಲಿದ್ದ ಬಡಿಗೆ ಎತ್ತಿಕೊಂಡ. ವಿರೂಪಾಕ್ಷ ಮಾತ್ರ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

“ಹೌದು! ನಾನ ಹಾಕೇನಿ ವಿಷಾ!” ಉಳವಪ್ಪ ಗುಡುಗಿದ. “ಆ ಬಾತು ಕಡ್ಲಿ ಹೊಲಾ ರಾತ್ರ್ಯಾಗ ಬೋಳಿಸಿ ಹೋಗತಾವು. ಮುಂಜಾನಿ ಹೋಗಿ ನೋಡಿದ್ರ ಹೊಟ್ಟಿ ಉರೀತೈತಿ. ಹಕ್ಕಿ ಸತ್ರ ಯಾರಿಗೇನು ಲುಕ್ಸಾನ?”

ಅಷ್ಟರಲ್ಲಿ ಒಳಗಿನಿಂದ ರಾಚವ್ವ ಗಾಬರಿಯಿಂದ ಹೊರಗೆ ಬಂದಳು.

“ಏನಂದ್ರಿ? ವಿಷಾ ನೀವ ಹಾಕಿದ್ದಾ? ಭೀಮಶಿ ಹೆಂತಿ ಶಟ್ಟೆವ್ವ ಮುಂಜಾನಿ ಬಂದು ಖಾರಪುಡಿ ಇಸ್ಕೊಂಡು ಹೋದ್ಲಲ್ರಿ! ದಂಡ್ಯಾಗ ಬಾತು ಸಿಕ್ಕೇತಿ, ಇವತ್ತ ಗಂಡಗ ಬಾಡಿನ ಊಟಾ ಅಂದ್ಲು...”

ಬಡಿಗೆ ಉಳವಪ್ಪನ ಕೈಯಿಂದ ಜಾರಿತು.

ಉಮಾಶ್ರೀ ಆಗಲೇ ಓಡುತ್ತಿದ್ದಳು. ಚಪ್ಪಲಿ ಎಲ್ಲೋ ಕಳಚಿತು. ಕಡಲೆ ಹೊಲದ ನಡುವೆ, ಬಿರುಕು ಬಿಟ್ಟ ಕರಿಮಣ್ಣಿನಲ್ಲಿ, ಎಡವಿ ಎದ್ದು ಓಡಿದಳು. ಹಿಂದೆ ವಿರೂಪಾಕ್ಷ, ಅವನ ಹಿಂದೆ ಏದುಸಿರು ಬಿಡುತ್ತ ಕಾಕಾ.

‘ದೇವ್ರ... ತಿಂದಿರಬಾರದು... ಇನ್ನೂ ತಿಂದಿರಬಾರದು!’

ದಂಡೆಯ ಗುಡಿಸಲ ಮುಂದೆ ಗಡಿಗೆ ಕುದಿಯುತ್ತಿತ್ತು. ಭೀಮಶಿ ರೊಟ್ಟಿ ಮುರಿದು ಅದ್ದಿ ಬಾಯಿಯ ಹತ್ತಿರ ಒಯ್ದಿದ್ದ. ಉಮಾಶ್ರೀ ಹಾರಿ ಅವನ ಮುಂಗೈ ಹಿಡಿದಳು. ತುತ್ತು ಮಣ್ಣಿಗೆ ಬಿತ್ತು.

“ತಿನ್ನಬ್ಯಾಡೋ ಅಣ್ಣಾ! ವಿಷಾ ಐತಿ ಅದರಾಗ!”

ಹಿಂದೆಯೇ ಬಂದ ಉಳವಪ್ಪ ಗಡಿಗೆಯನ್ನು ಕಾಲಿನಿಂದ ಒದ್ದ. ಕುದಿಯುವ ಸಾರು ಅವನ ಪಾದದ ಮೇಲೆ ಚೆಲ್ಲಿತು. ಅವನಿಗೆ ಅದು ತಿಳಿಯಲೇ ಇಲ್ಲ.

“ನಿನ್ನ ನಾಯಿಗೆ ಹಾವು ಕಡಿದಿಲ್ಲೋ ಭೀಮಶಿ... ನಾ ಕೊಂದೇನಿ. ನಿನ್ನನ್ನೂ ಕೊಲ್ತಿದ್ನೆಲ್ಲೋ!” ಎಂದು ಅಲ್ಲೇ ಕುಸಿದು ಕೂತ.

ಶಟ್ಟೆವ್ವ ಬೆಪ್ಪಾಗಿ ನಿಂತಿದ್ದಳು. ಮೆಲ್ಲಗೆ ತುಟಿ ಮುಟ್ಟಿಕೊಂಡಳು.

“ನಾ... ಉಪ್ಪು ನೋಡೇನ್ರಿ. ಒಂದು ಚಮಚಾ...”

ವಿರೂಪಾಕ್ಷ ಮನೆಗೆ ತಿರುಗಿ ಓಡಿ ದಂಡೆಯ ಹಾದಿಯಲ್ಲಿ ಬೈಕ್ ತಂದ. ನಡುವೆ ಶಟ್ಟೆವ್ವ, ಅವಳನ್ನು ತಬ್ಬಿ ಹಿಡಿದು ಹಿಂದೆ ಉಮಾಶ್ರೀ. ಸವದತ್ತಿಯ ದವಾಖಾನೆ ಮುಟ್ಟುವವರೆಗೆ ಆ ಹೆಂಗಸಿನ ಮೈ ಬೆವರುತ್ತಲೇ ಇತ್ತು.

ಹೊತ್ತು ಮುಳುಗುವಾಗ ಡಾಕ್ಟರು ಹೊರಗೆ ಬಂದರು. “ಜೀವಕ್ಕ ಅಪಾಯ ಇಲ್ಲ. ನಾಳೆತನಕ ಇಲ್ಲೇ ಇರಲಿ.”

ಉಮಾಶ್ರೀ ಗೋಡೆಗೊರಗಿ ಮುಖ ಮುಚ್ಚಿಕೊಂಡು ಅತ್ತಳು. ಸ್ವಲ್ಪ ದೂರದಲ್ಲಿ ವಿರೂಪಾಕ್ಷ ನಿಂತಿದ್ದ. ಹತ್ತಿರ ಬರಲು ಅವನಿಗೆ ಧೈರ್ಯವಾಗಲಿಲ್ಲ.

“ಉಮಾಶ್ರೀ ಅವ್ರ...”

“ಹೋಗ್ರಿ ಇನ್ನ,” ಎಂದಳು ತಲೆ ಎತ್ತದೆ.

ಅವನು ಹೋದ.

*

ಉಳವಪ್ಪ ತಾನೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಒಪ್ಪಿಕೊಂಡ. ಕೇಸಾಯಿತು. ತಲೆ ತಗ್ಗಿಸಿ ಸಹಿ ಹಾಕಿ ಬಂದ. ಉಳಿದ ವಿಷದ ಜೋಳವನ್ನು ಇಲಾಖೆಯವರು ಒಯ್ದರು. ಶಟ್ಟೆವ್ವ ಗುಣವಾಗಿ ಗುಡಿಸಲಿಗೆ ಮರಳಿದಳು. ಈಗ ಸಂಜೆಯಾದರೆ ಉಳವಪ್ಪ, ಭೀಮಶಿ ಇಬ್ಬರೂ ಸೇರಿ ಹೊಲದ ಬದುವಿನ ಮೇಲೆ ಡಬ್ಬಿ ಬಡಿದು ಬಾತುಗಳನ್ನು ನೀರಿನ ಕಡೆ ಓಡಿಸುತ್ತಿದ್ದರು.

ಉಮಾಶ್ರೀ ಮಾತ್ರ ಬಳಗವನ್ನು ತೆರೆಯಲಿಲ್ಲ. ಅವನ ಮೆಸೇಜುಗಳೂ ಬರಲಿಲ್ಲ. ಹೋಗು ಎಂದವಳು ತಾನೇ ಅಲ್ಲವೇ? ಆದರೂ ಫೋನು ಸದ್ದು ಮಾಡಿದರೆ ಕೈಯ ಕೆಲಸ ಬಿಟ್ಟು ಓಡುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಕಾಕಾ ತಾನಾಗಿಯೇ ಮಾತೆತ್ತಿದ.

“ಆ ಹುಡುಗನ್ನ ನಾಳೆ ಬಾ ಅಂತ ಕರದೇನಿ ಯವ್ವಾ.”

“ಯಾ... ಯಾರನ್ನ ಕಾಕಾ?”

“ಬಡಗಿ ಎತ್ತಿದ್ರೂ ಹಿಂದ ಸರೀಲಿಲ್ಲ ನೋಡು, ಅಂವನ್ನ. ಅಂಥಾ ಮಗನ್ನ ಹಡದವ್ರು ಪುಣ್ಯವಂತ್ರು.”

ರಾಚವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಉಮಾಶ್ರೀಯ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಮರುದಿನ ಬದುವಿನ ಮೇಲೆ ಅವನು ಅವಳಿಂದ ದೂರವೇ ನಿಂತ. ಕ್ಯಾಮೆರಾ ಕೂಡ ತಂದಿರಲಿಲ್ಲ. ನೀರಿನ ಮೇಲೆ ಬಾತುಗಳು ಕೂಗುತ್ತಿದ್ದವು.

“ಸೊರಗೀರಿ,” ಎಂದಳು ಅವಳೇ ಮೊದಲು.

“ನೀವೂ...”

ಅವನು ನೀರಿನ ಕಡೆ ತಿರುಗಿದ.

“ಬಳಗದಾಗ ಈಗ ಎಚ್‌ಇಐಸಿ ಹಾಕಿದ್ರ ತಾನ ಜೆಪಿಜಿ ಆಗತೈತ್ರಿ. ಜಾಗದ ಗುರುತೂ ತಾನ ಅಳೀತೈತಿ. ಮತ್ತ್ಯಾರಿಗೂ ನಿಮ್ಮಂಗ ಆಗಬಾರದು ಅಂತ...” ಅವನ ದನಿ ತಡವರಿಸಿತು. “ಇನ್ನೂ ಸಿಟ್ಟ ಐತೇನ್ರಿ?”

“ಐತಿ!”

ಅವನು ತಲೆ ತಗ್ಗಿಸಿದ.

“ಬೇಕಂತ ಮಾಡಿದ್ದಲ್ಲ ಅಂತ ನನಗ ಅವತ್ತ ಗೊತ್ತಾಗೇತ್ರಿ. ಆದ್ರೂ ಸಿಟ್ಟ ಹೋಗವಲ್ಲದು. ಯಾಕ ಅಂತ ಭಾಳ ವಿಚಾರ ಮಾಡಿದೆ...” ಅವಳ ಕಣ್ಣು ತುಂಬಿತು. “ಬ್ಯಾರೆಯವ್ರ ಮ್ಯಾಲ ಇಷ್ಟ ದಿನಾ ಸಿಟ್ಟ ಇರೂದಿಲ್ರಿ ನನಗ.”

ಅವನು ಥಟ್ಟನೆ ತಲೆ ಎತ್ತಿದ. ಕೇಳಿದ್ದು ನಿಜವೋ ಸುಳ್ಳೋ ಎಂಬಂತೆ ನೋಡಿದ.

“ಹಂಗಾದ್ರ... ಕಾಕಾರನ್ನ ಕೇಳ್ಲೇನ್ರಿ?”

“ಕಾಕಾನ್ನ ಆಮ್ಯಾಲ ಕೇಳೀರಂತ. ಮೊದಲ ನನ್ನ ಕೇಳ್ರಿ.”

“ಕೇಳಾಕನ ಹತ್ತೇನಲ್ರಿ...”

“ಹಿಂಗಲ್ಲ. ಸರಿಯಾಗಿ ಕೇಳ್ರಿ!”

ವಿರೂಪಾಕ್ಷ ಒಂದು ಹೆಜ್ಜೆ ಹತ್ತಿರ ಬಂದ. ಮೊದಲ ಸಲ ಅವಳ ಹೆಸರನ್ನಷ್ಟೇ ಕರೆದ.

“ಉಮಾ... ನನ್ನ ಕೂಡ ಬಾಳೇ ಮಾಡತಿಯೇನ?”

ಅವಳು ಕಣ್ಣೊರೆಸಿಕೊಂಡಳು. ಅಳುವಿನ ನಡುವೆಯೇ ನಗು ಬಂತು.

“ಹೂಂ... ಮಾಡತೇನಿ.”